ಮಲ್ಲಯ್ಯನ ದಾರಿಯಲ್ಲಿ ಮಧ್ಯಾಹ್ನದ ನೆರಳು ಎಲ್ಲಿ? ಶ್ರೀಶೈಲಕ್ಕೆ ನಡೆಯುವವರ ಪರವಾಗಿ ಒಂದು ಬಹಿರಂಗ ಪತ್ರ

ಕರ್ನಾಟಕದ ಧಾರ್ಮಿಕ ದತ್ತಿ ಇಲಾಖೆಯವರಿಗೆ, ಬಾಗಲಕೋಟೆ, ವಿಜಯಪುರ, ರಾಯಚೂರು ಜಿಲ್ಲಾಡಳಿತದವರಿಗೆ, ಹಾಗೇ ಈ ದಾರಿಯಲ್ಲಿ ನಡೆಯುವವರಿಗೆ ಮತ್ತು ನಡೆಯುವವರಿಗೆ ಉಣ್ಣಲು ಇಡುವವರಿಗೆ,

ಶರಣು ಶರಣಾರ್ಥಿ.

ಹೋಳಿ ಹುಣ್ಣಿಮೆ ಮುಗಿಯುತ್ತಿದ್ದ ಹಾಗೆ ನಮ್ಮ ಕಡೆಯ ಊರುಗಳಿಂದ ಜನ ಶ್ರೀಶೈಲಕ್ಕೆ ಹೊರಡುತ್ತಾರೆ. ಜಮಖಂಡಿ, ರಬಕವಿ-ಬನಹಟ್ಟಿ, ಬಾಗಲಕೋಟೆ, ಇಳಕಲ್, ಆ ಕಡೆ ವಿಜಯಪುರ, ಬೆಳಗಾವಿ, ಈ ಕಡೆ ಕೊಪ್ಪಳ, ರಾಯಚೂರು. ಹುಣ್ಣಿಮೆಯಿಂದ ಯುಗಾದಿಗೆ 15 ದಿನ. ಅಷ್ಟರೊಳಗೆ ಮಲ್ಲಯ್ಯನ, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನ ಗುಡಿ ಮುಟ್ಟಬೇಕು. ಮಲ್ಲಯ್ಯನ ಹೆಸರಿನಲ್ಲಿ ಪೂಜೆ ಮಾಡಿ ಹೆಗಲ ಮೇಲೆ ಒಯ್ಯುವ ಕಂಬಿ ಹೊತ್ತವರು ಇರುತ್ತಾರೆ, ಹರಕೆಗೆ ಮರಗಾಲು ಕಟ್ಟಿಕೊಂಡು ನಡೆಯುವವರು ಇರುತ್ತಾರೆ, ಬರಿಗಾಲಿನವರಂತೂ ಲೆಕ್ಕವಿಲ್ಲ. ಭ್ರಮರಾಂಬೆ ನಮ್ಮ ಮನೆ ಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳಿಗೆ ಸೀರೆ, ಕುಪ್ಪಸ, ಅರಿಶಿನ-ಕುಂಕುಮ ಒಯ್ಯುವುದು ನಮ್ಮ ರೂಢಿ. ಇದನ್ನೆಲ್ಲ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ನಿಮ್ಮಲ್ಲೂ ಎಷ್ಟೋ ಜನರ ಮನೆಯಿಂದ ಯಾರಾದರೂ ನಡೆದಿರುತ್ತಾರೆ, ಅಲ್ವಾ?

ಈ ಪತ್ರ ಊಟದ ಬಗ್ಗೆ ಅಲ್ಲ. ಈ ದಾರಿಯಲ್ಲಿ ಊಟಕ್ಕೆ ಕೊರತೆ ಎಂಬುದೇ ಇಲ್ಲ. ಊರೂರಿನಲ್ಲಿ ದಾಸೋಹ ಹಾಕುತ್ತಾರೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗೋಧಿ ಹುಗ್ಗಿ, ಮಜ್ಜಿಗೆ, ಕಲ್ಲಂಗಡಿ. ಬೇಡ ಅಂದರೆ ಕೈ ಹಿಡಿದು ಕೂರಿಸುತ್ತಾರೆ. ಗಡಿ ದಾಟಿ ತೆಲುಗು ಊರುಗಳಿಗೆ ಹೋದರೂ ಪ್ರೀತಿ ಹಾಗೇ ಇರುತ್ತದೆ. ಉಂಡಾದ ಮೇಲೆ ಎಲ್ಲಿ ಒರಗಬೇಕು ಅನ್ನುವುದು ತೊಂದರೆ. ನಡೆಯುವವರ ಬಾಯಲ್ಲಿ ದಿನವಿಡೀ ಇರುವ ಮಾತು ಒಂದೇ: "ಇವತ್ತು ವಸ್ತಿ ಎಲ್ಲಿ?"

ವಸ್ತಿ ಅಂದ ಕೂಡಲೇ ಸರ್ಕಾರದ ಮನಸ್ಸು ಶ್ರೀಶೈಲಕ್ಕೆ ಹೋಗುತ್ತದೆ. ಅಲ್ಲೊಂದು ಯಾತ್ರಿ ನಿವಾಸ, ಇನ್ನಷ್ಟು ಕೋಣೆ, ಅದಕ್ಕೊಂದು ಶಂಕುಸ್ಥಾಪನೆ. ಬೇಡ ಅಂತ ನಾನು ಹೇಳುವುದಿಲ್ಲ. ಹಬ್ಬದ ದಿನಗಳಲ್ಲಿ ಅಲ್ಲಿ ಜಾಗ ಸಿಗುವುದು ಎಷ್ಟು ಕಷ್ಟ ಅಂತ ಕಂಡವರಿಗೆ ಗೊತ್ತು. ಆದರೆ ಆ ಕೋಣೆಗಳಿಂದ ಅನುಕೂಲ ಆಗುವುದು ಬಸ್ಸಿನಲ್ಲಿ, ಕಾರಿನಲ್ಲಿ ಬರುವವರಿಗೆ ಜಾಸ್ತಿ. ನಡೆದು ಬಂದವರು ದರ್ಶನ ಮಾಡಿ, ಒಂದು ರಾತ್ರಿ ಎಲ್ಲೋ ಮಲಗಿ, ವಾಪಸ್ ಬಸ್ ಹತ್ತುತ್ತಾರೆ. ಅವರ ಹತ್ತು-ಹನ್ನೆರಡು ದಿನ ಕಳೆಯುವುದು ದಾರಿಯ ಮೇಲೆ. ಬಾಗಲಕೋಟೆ ಕಡೆಯಿಂದ ಹೊರಟರೆ 400 ಕಿಲೋಮೀಟರ್ ಆಸುಪಾಸು. ಲಿಂಗಸುಗೂರು, ಸಿರವಾರ, ರಾಯಚೂರು. ಅಲ್ಲಿಂದ ತುಂಗಭದ್ರೆ ದಾಟಿ ಮಂತ್ರಾಲಯ, ಎಮ್ಮಿಗನೂರು, ಕರ್ನೂಲು, ನಂದಿಕೊಟ್ಕೂರು, ಆತ್ಮಕೂರು. ಆಮೇಲೆ ನಲ್ಲಮಲ ಕಾಡು, ಬೆಟ್ಟ. ಇಷ್ಟು ಉದ್ದದ ದಾರಿಗೆ ಒಂದು ಹಾಳೆಯ ವಸ್ತಿ ಪಟ್ಟಿ ಕೂಡ ನಮ್ಮ ಕೈಗೆ ಯಾರೂ ಕೊಟ್ಟಿಲ್ಲ.

ಕಂಬಿಯವರ ಮಾತು ಬೇರೆ. ಕಂಬಿ ಯಾವ ಊರಲ್ಲಿ ಇಳಿಯಬೇಕು, ಯಾವ ಗುಡಿಯಲ್ಲಿ, ಯಾರ ಮನೆಯ ಅಂಗಳದಲ್ಲಿ ಪೂಜೆ ಅನ್ನುವುದು ಹಿರಿಯರ ಕಾಲದಿಂದ ನಡೆದು ಬಂದಿರುತ್ತದೆ. ಆ ಮನೆಯವರು ಕಾದು ಕೂತಿರುತ್ತಾರೆ. ಈಗ ಜಾಸ್ತಿ ಆಗಿರುವುದು ಕಂಬಿಯ ಜೊತೆ ಬರದ ಜನ. ಓಣಿಯ ಹುಡುಗರು ಹತ್ತು ಮಂದಿ ಸೇರಿ ಹೊರಡುತ್ತಾರೆ. ಅಕ್ಕ-ತಂಗಿಯರು, ನೆಗೆಣ್ಣಿಯರು ಗುಂಪು ಮಾಡಿಕೊಂಡು ಹೊರಡುತ್ತಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುವವರು ರಜೆ ಹಾಕಿ ಬಂದು ಅರ್ಧ ದಾರಿಯಲ್ಲಿ ಸೇರಿಕೊಳ್ಳುತ್ತಾರೆ. ಇವರಿಗೆ ಗೊತ್ತಿರುವ ಮನೆ ಇಲ್ಲ, ಗುಡಿ ಇಲ್ಲ. ಮೊಬೈಲಿನ ಮ್ಯಾಪು ಇದೆ. ಅದು ಲಾಡ್ಜ್ ತೋರಿಸುತ್ತದೆ. ಲಾಡ್ಜ್ ಇರುವುದು ಊರಿನ ನಡುವೆ, ಹಬ್ಬದ ವಾರದಲ್ಲಿ ರೇಟು ಬೇರೆ, ಅದೂ ಸಿಕ್ಕರೆ.

ನೀವು ಈ ದಾರಿಯಲ್ಲಿ ಏನಾದರೂ ಮಾಡುವ ಮೊದಲು ಒಂದು ವಿಷಯ ತಿಳಿದುಕೊಳ್ಳಬೇಕು. ನಡೆಯುವವರಿಗೆ ಜಾಗ ಜಾಸ್ತಿ ಬೇಕಾಗುವುದು ರಾತ್ರಿಯಲ್ಲ. ಮಧ್ಯಾಹ್ನ.

ನಮ್ಮ ದಿನ ಶುರುವಾಗುವುದು ನಸುಕಿನ ಮೂರು ಗಂಟೆಗೆ. ತಂಪಿನಲ್ಲಿ ಎಷ್ಟು ಆಗುತ್ತದೋ ಅಷ್ಟು ನಡೆಯುತ್ತೇವೆ. ಹತ್ತು, ಹತ್ತೂವರೆಗೆ ಡಾಂಬರು ಕಾಯುತ್ತದೆ. ಹನ್ನೊಂದರ ಮೇಲೆ ಬರಿಗಾಲಲ್ಲಿ ಹೆಜ್ಜೆ ಇಡಲು ಆಗುವುದಿಲ್ಲ. ಆಗ ನಿಂತರೆ ಮತ್ತೆ ಏಳುವುದು ನಾಲ್ಕರ ನಂತರ. ರಾತ್ರಿ ಎಂಟೋ ಒಂಬತ್ತೋ ಆಗುವ ತನಕ ನಡೆದು ಎಲ್ಲಿ ಸಾಕೆನಿಸಿತೋ ಅಲ್ಲಿ ತಾಡಪಾಲು ಹಾಸಿದರೆ ಆಯಿತು. ಹನುಮಪ್ಪನ ಗುಡಿ ಕಟ್ಟೆ, ಪೆಟ್ರೋಲ್ ಬಂಕಿನ ಅಂಗಳ, ಕೊಯ್ಲು ಮುಗಿದ ಹೊಲ. ಬೇಸಿಗೆಯ ರಾತ್ರಿಗೆ ಚಾವಣಿ ಯಾಕೆ ಬೇಕು? ಆಕಾಶ ಸಾಕು. ಆದರೆ ಹನ್ನೊಂದರಿಂದ ನಾಲ್ಕರವರೆಗಿನ ಐದು ಗಂಟೆ ಇದೆಯಲ್ಲ, ಅದಕ್ಕೆ ನೆರಳು ಬೇಕೇ ಬೇಕು. ಕಾಲಿನ ಬೊಕ್ಕೆ ಒಣಗಬೇಕಾದದ್ದು, ಹೊಟ್ಟೆ ಸರಿಯಾಗಬೇಕಾದದ್ದು, ನಿದ್ದೆ ಆಗಬೇಕಾದದ್ದು ಆ ಐದು ಗಂಟೆಯಲ್ಲೇ.

ರಾಯಚೂರಿನಿಂದ ಕರ್ನೂಲಿನ ತನಕ ಮಾರ್ಚ್ ಕೊನೆಗೆ ಒಮ್ಮೆ ಮಧ್ಯಾಹ್ನ ಓಡಾಡಿ ನೋಡಿ. ಬಿಸಿಲು 40 ಡಿಗ್ರಿ ಮುಟ್ಟುವುದು ಅಲ್ಲಿ ದೊಡ್ಡ ಸುದ್ದಿಯೇ ಅಲ್ಲ. ಎರೆ ಭೂಮಿ, ಕಿತ್ತಿಟ್ಟ ಹತ್ತಿಕಟ್ಟಿಗೆ, ಒಣಗಲು ಹಾಕಿದ ಮೆಣಸಿನಕಾಯಿ. ರಸ್ತೆ ಅಗಲ ಮಾಡಿದ ಕಡೆಯೆಲ್ಲ ಹಳೆಯ ಬೇವು, ಹುಣಸೆ ಹೋಗಿವೆ. ಹೊಸದಾಗಿ ನೆಟ್ಟ ಸಸಿ ನೆರಳು ಕೊಡಲು ಇನ್ನೂ ವರ್ಷಗಳು ಬೇಕು. ಹಾಗಾಗಿ ಜನ ಸೇತುವೆಯ ಪೈಪಿನೊಳಗೆ ಮಲಗುತ್ತಾರೆ. ಬಸ್ ತಂಗುದಾಣದಲ್ಲಿ ಐದು ಜನರ ಜಾಗಕ್ಕೆ ಇಪ್ಪತ್ತು ಜನ ತುರುಕಿಕೊಂಡು ಕೂರುತ್ತಾರೆ. ನಿಂತ ಲಾರಿಯ ಅಡಿ ಮಲಗುವವರನ್ನು ಕಂಡಾಗ ಮಾತ್ರ ನನಗೆ ಎದೆ ಝಲ್ ಎನ್ನುತ್ತದೆ. ಡ್ರೈವರ್ ಊಟ ಮುಗಿಸಿ ಬಂದು ಗಾಡಿ ಸ್ಟಾರ್ಟ್ ಮಾಡುವಾಗ ಕೆಳಗೆ ಬಗ್ಗಿ ನೋಡುತ್ತಾನೆ ಅಂತ ಏನು ಗ್ಯಾರಂಟಿ?

ಯುಗಾದಿ ಪ್ರತಿ ವರ್ಷ ಒಂದೇ ತಾರೀಖಿಗೆ ಬರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. 2023ರಲ್ಲಿ ಮಾರ್ಚ್ 22ಕ್ಕೆ ಬಂತು. 2024ರಲ್ಲಿ ಏಪ್ರಿಲ್ 9ಕ್ಕೆ. ನಡುವಿನ ಅಂತರ ಮೂರು ವಾರವೂ ಇಲ್ಲ. ಆದರೆ ನಮ್ಮ ಸೀಮೆಯ ಬಿಸಿಲಿನಲ್ಲಿ ಮೂರು ವಾರ ಅಂದರೆ ಬಹಳ. ಹಬ್ಬ ತಡವಾಗಿ ಬರುವ ವರ್ಷ ತಯಾರಿ ಜಾಸ್ತಿ ಬೇಕು.

ಹಾಗಾದರೆ ಏನು ಮಾಡಬೇಕು? ಹೊಸ ಕಟ್ಟಡ ಬೇಡ. ದಾರಿಯುದ್ದಕ್ಕೂ ಕಟ್ಟಡಗಳಿವೆ. ಸರ್ಕಾರಿ ಶಾಲೆ, ಸಮುದಾಯ ಭವನ, ಎಪಿಎಂಸಿ ಶೆಡ್ಡು, ಕಲ್ಯಾಣ ಮಂಟಪ. ಅವುಗಳ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದು ನಮಗೆ ಗೊತ್ತಿರಬೇಕು, ನಾವು ಬರುತ್ತೇವೆ ಅನ್ನುವುದು ಅವರಿಗೆ ಗೊತ್ತಿರಬೇಕು.

ಗಡಿಯಾಚೆಯ ಶಾಲೆಗಳ ವಿಷಯ ನೋಡಿ. ಆಂಧ್ರದಲ್ಲಿ ಸಾಮಾನ್ಯವಾಗಿ ಮಾರ್ಚ್ ಮಧ್ಯದಿಂದ ಒಪ್ಪೊತ್ತಿನ ಶಾಲೆ. ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಮಕ್ಕಳು ಮನೆಗೆ ಹೋಗುತ್ತಾರೆ. ನಮಗೆ ನೆರಳು ಬೇಕಾದ ಹೊತ್ತಿನ ಬಹುಪಾಲು ಶಾಲೆಯ ಜಗಲಿ ಖಾಲಿ. ಹತ್ತನೇ ತರಗತಿ ಪರೀಕ್ಷೆ ನಡೆಯುವ ಶಾಲೆಗಳನ್ನು ಬಿಟ್ಟುಬಿಡಿ, ಅಲ್ಲಿ ಗದ್ದಲ ಆಗಬಾರದು. ನಮ್ಮ ಕಡೆಯೂ ಎಸ್ಸೆಸ್ಸೆಲ್ಸಿ ಪರೀಕ್ಷೆ ಅದೇ ದಿನಗಳಲ್ಲಿ ಬರುತ್ತದೆ. ಪರೀಕ್ಷಾ ಕೇಂದ್ರ ಅಲ್ಲದ ಪ್ರಾಥಮಿಕ ಶಾಲೆಗಳೇ ದಾರಿಯಲ್ಲಿ ಬೇಕಾದಷ್ಟಿವೆ. ಕೋಣೆ ತೆರೆಯಬೇಕಿಲ್ಲ. ಜಗಲಿ, ನಲ್ಲಿ, ಶೌಚಾಲಯ. ಇಷ್ಟೇ.

ಗಡಿಯಾಚೆಯ ಒಂದು ಹಳ್ಳಿಯಲ್ಲಿ ನಾವು ಹೀಗೇ ಒಂದು ಜಗಲಿಯಲ್ಲಿ ಕೂತಿದ್ದೆವು. ನೋಡಿಕೊಳ್ಳುವವರು ಬಂದು ಎಬ್ಬಿಸಿದರು. ಮೇಲಿನವರ ಕಾಗದ ಇದೆಯಾ ಅಂತ ಕೇಳಿದರು. ನಮ್ಮ ಹತ್ತಿರ ಏನಿರುತ್ತದೆ, ಒಂದು ಚೀಲ, ಒಂದು ಬಾಟ್ಲಿ. ಬಿಸಿಲಿಗೆ ಬಂದು ನಿಂತೆವು. ಜೊತೆಯಲ್ಲಿದ್ದ ಅಜ್ಜಿ ಒಬ್ಬರಿಗೆ ತಲೆ ತಿರುಗಿ ಕೂತುಬಿಟ್ಟರು. ಕೊನೆಗೆ ಎದುರಿನ ಮನೆಯವರು ದನದ ಕೊಟ್ಟಿಗೆ ಬಿಟ್ಟುಕೊಟ್ಟರು. ಆ ನೋಡಿಕೊಳ್ಳುವವರ ಮೇಲೆ ನನಗೆ ಸಿಟ್ಟಿಲ್ಲ. ಹಿಂದಿನ ದಿನ ಬಂದಿದ್ದ ಒಂದು ಗುಂಪು ಜಗಲಿ ತುಂಬ ಎಲೆ, ಲೋಟ ಎಸೆದು, ನಲ್ಲಿ ತಿರುಗಿಸಿಟ್ಟು ಹೋಗಿತ್ತಂತೆ. ಟ್ಯಾಂಕ್ ಖಾಲಿಯಾಗಿ ಮಕ್ಕಳಿಗೆ ನೀರಿರಲಿಲ್ಲವಂತೆ. ಅವರ ಜಾಗದಲ್ಲಿ ನಾನಿದ್ದರೂ ಎಬ್ಬಿಸುತ್ತಿದ್ದೆ.

ಆದರೆ ಅವರು ಕೇಳಿದ ಕಾಗದ ಇದೆಯಲ್ಲ, ಅದನ್ನು ಕೊಡಲು ನಿಮಗೆ ಸಾಧ್ಯ. ನಮ್ಮ ಜಿಲ್ಲಾಧಿಕಾರಿಗಳು ಕರ್ನೂಲು, ನಂದ್ಯಾಲ ಜಿಲ್ಲೆಯ ಕಲೆಕ್ಟರ್‌ಗಳಿಗೆ ಹೋಳಿಗೆ ತಿಂಗಳ ಮೊದಲೇ ಬರೆಯಬಹುದು. 2022ರ ಏಪ್ರಿಲ್‌ನಲ್ಲಿ ಆಂಧ್ರದಲ್ಲಿ ಹೊಸ ಜಿಲ್ಲೆಗಳಾದ ಮೇಲೆ ಶ್ರೀಶೈಲ, ಆತ್ಮಕೂರು, ನಂದಿಕೊಟ್ಕೂರು ನಂದ್ಯಾಲ ಜಿಲ್ಲೆಗೆ ಹೋಗಿವೆ. ಮಂತ್ರಾಲಯ, ಎಮ್ಮಿಗನೂರು ಕರ್ನೂಲು ಜಿಲ್ಲೆಯಲ್ಲೇ ಉಳಿದಿವೆ. ಅಂದರೆ ಮಾತಾಡಬೇಕಾದ ಕಚೇರಿಗಳು ಒಂದರ ಬದಲು ಎರಡು. ಹಳೆಯ ವಿಳಾಸಕ್ಕೆ ಒಂದೇ ಪತ್ರ ಹಾಕಿ ಸುಮ್ನೆ ಕೂತರೆ ಅರ್ಧ ದಾರಿಯೇ ಬಿಟ್ಟುಹೋಗುತ್ತದೆ. ಯಾವ ಯಾವ ಶಾಲೆ, ಯಾವ ದಿನದಿಂದ ಯಾವ ದಿನದವರೆಗೆ, ನೀರಿನ ಟ್ಯಾಂಕರ್ ಯಾರು ಕಳಿಸುತ್ತಾರೆ, ಕಸ ಎತ್ತುವವರು ಯಾರು, ಅವರಿಗೆ ದುಡ್ಡು ಯಾರು ಕೊಡುತ್ತಾರೆ ಎಂಬುದೆಲ್ಲ ಆ ಮಾತಿನಲ್ಲಿ ಬರಬೇಕು. ಕೊನೆಯದನ್ನು ನಮ್ಮ ಇಲಾಖೆಯೇ ಕೊಟ್ಟರೆ ಚೆಂದ. ನಮ್ಮ ಜನರ ಕಸ, ನಮ್ಮ ದುಡ್ಡು.

ಮಾದರಿ ಬೇಕಾದರೆ ದೂರ ಹೋಗಬೇಕಿಲ್ಲ. ಪಂಢರಪುರದ ವಾರಿ, ಅಂದರೆ ವಿಠಲನ ಗುಡಿಗೆ ನಡೆದು ಹೋಗುವ ಯಾತ್ರೆ ನೋಡಿ. ಆಳಂದಿಯಿಂದ ಜ್ಞಾನೇಶ್ವರರ ಪಾಲಕಿ, ದೇಹುವಿನಿಂದ ತುಕಾರಾಮರ ಪಾಲಕಿ ಹೊರಡುತ್ತವೆ. ಯಾವ ದಿನ ಯಾವ ಊರಲ್ಲಿ ಮುಕ್ಕಾಂ, ಎಲ್ಲಿ ಮಧ್ಯಾಹ್ನದ ವಿಶ್ರಾಂತಿ ಎಂಬುದು ಹೊರಡುವ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಟ್ಯಾಂಕರು, ಡಾಕ್ಟರು, ಪೊಲೀಸರು ಆ ಪಟ್ಟಿಯ ಪ್ರಕಾರ ಮೊದಲೇ ಹೋಗಿ ನಿಂತಿರುತ್ತಾರೆ. ನಮ್ಮ ಬೆಳಗಾವಿ, ವಿಜಯಪುರ ಕಡೆಯವರು ಎಷ್ಟೋ ಜನ ಆಷಾಢದಲ್ಲಿ ವಾರಿಗೆ ಹೋಗುತ್ತಾರೆ, ಚೈತ್ರಕ್ಕೆ ಮಲ್ಲಯ್ಯನ ಕಡೆ ಹೊರಡುತ್ತಾರೆ. ಎರಡೂ ದಾರಿಯ ವ್ಯತ್ಯಾಸ ಅವರನ್ನೇ ಕೇಳಿ. ನಮ್ಮದು ಒಂದೇ ಪಾಲಕಿಯ ಹಿಂದೆ ಹೋಗುವ ಮೆರವಣಿಗೆ ಅಲ್ಲ, ನಿಜ. ನೂರಾರು ಸಣ್ಣ ಗುಂಪು, ಬೇರೆ ಬೇರೆ ದಿನ, ಬೇರೆ ಬೇರೆ ದಾರಿ. ಆದರೆ ರಾಯಚೂರು ದಾಟಿದ ಮೇಲೆ ಬಹಳಷ್ಟು ಗುಂಪುಗಳು ಒಂದೇ ರಸ್ತೆಗೆ ಬಂದು ಸೇರುತ್ತವೆ. ಮಂತ್ರಾಲಯದಿಂದ ಆತ್ಮಕೂರಿನವರೆಗಿನ ಆ ಒಂದು ರಸ್ತೆಯನ್ನು ಸರಿ ಮಾಡಿದರೂ ಅರ್ಧ ಕಷ್ಟ ಕಳೆಯುತ್ತದೆ. ಮಂತ್ರಾಲಯದಲ್ಲಿ ಹೊಳೆದಂಡೆ ಇದೆ, ಮಠವಿದೆ, ಜಾಗ ಹೇಗೋ ಆಗುತ್ತದೆ. ಅಲ್ಲಿಂದ ಮುಂದೆ ಯೋಚನೆ ಶುರು.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಈ ದಾರಿಯಲ್ಲಿ ನಾವು ಈಗ ಕಡಿಮೆ ಜನ ಅಲ್ಲ. ಗಂಡಸರು ಎಲ್ಲಾದರೂ ಹೋಗಿ ಬರುತ್ತಾರೆ. ನಾವು ನಸುಕಿನ ಕತ್ತಲು ಹೋಗುವ ಮೊದಲು ಎಲ್ಲ ಮುಗಿಸಬೇಕು, ಇಲ್ಲವಾದರೆ ಮತ್ತೆ ಕತ್ತಲಾಗುವ ತನಕ ತಡೆದುಕೊಳ್ಳಬೇಕು. ಅದಕ್ಕಾಗಿ ನೀರೇ ಕುಡಿಯದೆ ನಡೆಯುವವರನ್ನು ನಾನು ಕಂಡಿದ್ದೇನೆ. 40 ಡಿಗ್ರಿಯಲ್ಲಿ ನೀರು ಕುಡಿಯದೆ! ದಾಸೋಹದವರು ಮಜ್ಜಿಗೆ ಹಿಡಿದು ಕರೆಯುತ್ತಾರೆ, ನಾವು ಕೈ ಮುಗಿದು ಮುಂದೆ ಹೋಗುತ್ತೇವೆ. ಬೇಡ ಅಂತಲ್ಲ, ಭಯ. ಮುಟ್ಟಿನ ದಿನಗಳು ನಡುವೆ ಬಂದರೆ ಇನ್ನೂ ಕಷ್ಟ. ಸ್ನಾನಕ್ಕೆ ಕಾಲುವೆ, ಬಟ್ಟೆ ಬದಲಿಸಲು ಸೀರೆಯ ಮರೆ. ಈಜು ಬಾರದವರು ಕಾಲುವೆಗೆ ಇಳಿಯುವುದನ್ನು ನೋಡಿದರೆ ಹೆದರಿಕೆ ಆಗುತ್ತದೆ. ಮಧ್ಯಾಹ್ನ ನಿಲ್ಲುವ ಪ್ರತಿ ಜಾಗದಲ್ಲಿ ಬೀಗ ತೆಗೆದ, ನೀರಿರುವ ಶೌಚಾಲಯ, ತಗಡಿನದೋ ತಾಡಪಾಲಿನದೋ ಒಂದು ಸ್ನಾನದ ಮರೆ ಇರಬೇಕು. ನನ್ನ ಪಾಲಿಗೆ ಈ ಪತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ಬೇಡಿಕೆ ಇದೇ. ಉಳಿದದ್ದೆಲ್ಲ ಒಂದು ವರ್ಷ ತಡವಾದರೂ ನಡೆಯುತ್ತದೆ.

ಇನ್ನು ಕಾಡಿನ ಮಾತು. ಆತ್ಮಕೂರು ದಾಟಿ ವೆಂಕಟಾಪುರಕ್ಕೆ ಬಂದರೆ ನಲ್ಲಮಲ ಶುರು. ರಸ್ತೆಯಲ್ಲೇ ಹೋಗುತ್ತೇವೆ ಅಂದರೆ ದೋರ್ನಾಲ ಸುತ್ತಿ ಬರಬೇಕು, ಕರ್ನೂಲಿನಿಂದ ಶ್ರೀಶೈಲಕ್ಕೆ ಸುಮಾರು 180 ಕಿಲೋಮೀಟರ್. ಕಾಲುದಾರಿಯಲ್ಲಿ ಹೋದರೆ ವೆಂಕಟಾಪುರದಿಂದ 40 ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ನಾಗಲೂಟಿಯ ವೀರಭದ್ರ, ದಾಮರ್ಲಕುಂಟ, ಪೆದ್ದಚೆರುವು, ಆಮೇಲೆ ನಮ್ಮವರು ಭೀಮನ ಕೊಳ್ಳ ಅನ್ನುವ ಆ ಆಳದ ಕಣಿವೆ. ಅಲ್ಲಿ ಇಳಿದು ಮತ್ತೆ ಹತ್ತಿದರೆ ಕೈಲಾಸ ದ್ವಾರ. ಹತ್ತು ದಿನ ಸಮತಟ್ಟು ನೆಲದಲ್ಲಿ ನಡೆದ ಮಂಡಿ ಇಲ್ಲಿ ನಿಜವಾದ ಪರೀಕ್ಷೆಗೆ ಕೂರುತ್ತದೆ.

ಈ ಕಾಡು ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ. ದೇಶದ ಅತಿ ದೊಡ್ಡ ಹುಲಿ ಕಾಡುಗಳಲ್ಲಿ ಒಂದು. ಘಾಟಿ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ವಾಹನ ಬಿಡುವುದಿಲ್ಲ. ಕಾಲುದಾರಿಯನ್ನು ಶಿವರಾತ್ರಿ, ಯುಗಾದಿ ಹೊತ್ತಿಗೆ ಕೆಲವು ದಿನ ಮಾತ್ರ ತೆರೆಯುತ್ತಾರೆ. ಆ ದಿನಗಳಲ್ಲಿ ಶ್ರೀಶೈಲ ದೇವಸ್ಥಾನದವರು ಅರಣ್ಯ ಇಲಾಖೆಯ ಜೊತೆ ಸೇರಿ ನೀರು, ಚಪ್ಪರ, ವೈದ್ಯರ ಏರ್ಪಾಡು ಮಾಡುತ್ತಾರೆ. ಅದಕ್ಕೆ ಅವರಿಗೆ ನಮಸ್ಕಾರ ಹೇಳಲೇಬೇಕು. ನಮ್ಮ ಸಭೆಗಳಲ್ಲಿ ಕೆಲವರು ಎದ್ದು ನಿಂತು, ಕಾಡಿನೊಳಗೂ ಕರ್ನಾಟಕದ ಛತ್ರ ಕಟ್ಟಬೇಕು ಅನ್ನುತ್ತಾರೆ. ದಯವಿಟ್ಟು ಆ ಮಾತಿಗೆ ಕಿವಿ ಕೊಡಬೇಡಿ. ಕಾಡಿನಲ್ಲಿ ಕಾಂಕ್ರೀಟ್ ಬೇಡ, ಜನರೇಟರ್ ಬೇಡ, ಬೋರ್‌ವೆಲ್ ಬೇಡ. ವರ್ಷದ ಬಾಕಿ ದಿನಗಳಲ್ಲಿ ಅದು ಹುಲಿಯ ಮನೆ, ಅಲ್ಲಿಯ ಬುಡಕಟ್ಟಿನವರಾದ ಚೆಂಚರ ಮನೆ. ಚೆಂಚರಿಗೂ ಮಲ್ಲಯ್ಯ ಅಳಿಯನೇ. ಅವರ ಹೆಣ್ಣನ್ನೂ ಮದುವೆಯಾದ ಅಂತ ಅವರ ಕಥೆ. ಆ ಲೆಕ್ಕದಲ್ಲಿ ನಾವೂ ಅವರೂ ಬೀಗರು. ಬೀಗರ ಊರಿಗೆ ಹೋದವರು ಅಲ್ಲೇ ಮನೆ ಕಟ್ಟುತ್ತೇವೆ ಅನ್ನಬಾರದು.

ಕಾಡಿನ ವಿಷಯದಲ್ಲಿ ನಮಗೆ ಬೇಕಿರುವುದು ಒಂದೇ: ಬಾಗಿಲು ತೆರೆಯುವ ದಿನ, ಮುಚ್ಚುವ ದಿನ ಮೊದಲೇ ಗೊತ್ತಾಗಬೇಕು. ಕನ್ನಡದಲ್ಲಿ ಗೊತ್ತಾಗಬೇಕು. ಮೊದಲೇ ಹೊರಟವರು ವೆಂಕಟಾಪುರದ ಸುತ್ತ ಬಂದು ಕಾಯುತ್ತಾರೆ. ಸಣ್ಣ ಊರು, ಮುಂದಕ್ಕೆ ಹೋಗುವಂತಿಲ್ಲ, ಹಿಂದಕ್ಕೆ ಬರಲು ಮನಸ್ಸಿಲ್ಲ. ಕರ್ನಾಟಕ ಸರ್ಕಾರ ನಿಜವಾಗಿ ಎಲ್ಲಾದರೂ ಒಂದು ದೊಡ್ಡ ತಾತ್ಕಾಲಿಕ ಚಪ್ಪರ ಹಾಕಬೇಕು ಅಂತಿದ್ದರೆ ಆತ್ಮಕೂರು–ವೆಂಕಟಾಪುರದ ನಡುವೆ, ಕಾಡಿನ ಅಂಚಿನಿಂದ ಹೊರಗೆ ಹಾಕಲಿ. ಮುಂದಿನ ಎರಡು ದಿನ ಬೆಟ್ಟ ಹತ್ತುವವರು ಅಲ್ಲಿ ಒಂದು ಪೂರ್ತಿ ರಾತ್ರಿ ಮಲಗಲಿ. ಕಾಲು ನೋಡುವ ಒಬ್ಬ ಡಾಕ್ಟರ್ ಇರಲಿ. ಬಿ.ಪಿ., ಸಕ್ಕರೆ ಕಾಯಿಲೆ ಇರುವವರಿಗೆ, ನೀವು ಇಲ್ಲಿಂದ ಬಸ್ಸಿನಲ್ಲಿ ಬನ್ನಿ ಅಂತ ಹೇಳುವ ಧೈರ್ಯ ಆ ಡಾಕ್ಟರಿಗೆ ಇರಲಿ. ಕೂಡಿದರೆ ಅಲ್ಲಿಂದ ದೋರ್ನಾಲದ ಮೇಲೆ ಶ್ರೀಶೈಲಕ್ಕೆ ಒಂದೆರಡು ಬಸ್ಸು ಕೂಡ ಇರಲಿ. ಹೀಗೆ ಬಸ್ ಹತ್ತಿದವರ ಹರಕೆ ಮುರಿಯುತ್ತದೆ ಅಂತ ನಾನಂತೂ ನಂಬುವುದಿಲ್ಲ.

ದಾರಿಗೆ ಖರ್ಚು ಮಾಡುವುದು ಹೊಸ ವಿಚಾರವೂ ಅಲ್ಲ. ಹಿಂದಿನ ರಾಜರು ಗುಡಿಗೆ ಗೋಪುರ ಕಟ್ಟಿಸಿದ್ದು ಎಲ್ಲರಿಗೂ ಕಾಣುತ್ತದೆ. ಆದರೆ 14ನೇ ಶತಮಾನದಲ್ಲಿ ಪ್ರೋಲಯ ವೇಮಾರೆಡ್ಡಿ ಬೆಟ್ಟ ಹತ್ತುವವರಿಗಾಗಿ ಮೆಟ್ಟಿಲು ಹಾಕಿಸಿದ. ವಿಜಯನಗರದ ಎರಡನೇ ಹರಿಹರನ ರಾಣಿ ವಿಠಲಾಂಬೆ ಪಾತಾಳಗಂಗೆಗೆ ಇಳಿಯುವ ಮೆಟ್ಟಿಲು ಕಟ್ಟಿಸಿದಳು. ಕೃಷ್ಣದೇವರಾಯ ಕಟ್ಟಿಸಿದ್ದು ಸಾಲುಮಂಟಪ. ಮೂವರೂ ಯೋಚನೆ ಮಾಡಿದ್ದು ನಡೆಯುವವರ ಕಾಲು, ನೆತ್ತಿಯ ಬಗ್ಗೆ. ನಮ್ಮ ಸೊನ್ನಲಿಗೆಯ ಸಿದ್ಧರಾಮ ಹುಡುಗನಾಗಿದ್ದಾಗ ಮಲ್ಲಯ್ಯನನ್ನು ಹುಡುಕಿಕೊಂಡು ಇದೇ ಬೆಟ್ಟಕ್ಕೆ ಹೋದ ಕಥೆ ಮನೆಮನೆಯಲ್ಲೂ ಹೇಳುತ್ತಾರೆ. ವಾಪಸ್ ಬಂದು ಊರಿಗೆ ಕೆರೆ ಕಟ್ಟಿಸಿದ. ಸೊನ್ನಲಿಗೆ ಅಂದರೆ ಈಗಿನ ಸೊಲ್ಲಾಪುರ, ಅಲ್ಲಿ ಆ ಕೆರೆ ಈಗಲೂ ಇದೆ. ಅಕ್ಕಮಹಾದೇವಿ ಉಡುತಡಿಯಿಂದ ಶ್ರೀಶೈಲದ ಕದಳಿ ವನದವರೆಗೆ ನಡೆದಾಗ ಎಲ್ಲೆಲ್ಲಿ ಉಳಿದಳೋ ಮಲ್ಲಿಕಾರ್ಜುನನಿಗೇ ಗೊತ್ತು. ಅವಳ ಹೆಸರಿನಲ್ಲಿ ಭವನ, ವೃತ್ತ, ಪ್ರತಿಮೆ ಮಾಡುತ್ತಲೇ ಇದ್ದೇವೆ. ಅವಳು ನಡೆದ ಕಡೆಗೆ ಇವತ್ತು ನಡೆಯುವ ಹೆಣ್ಣುಮಕ್ಕಳಿಗೆ ಒಂದು ಶೌಚಾಲಯದ ಬೀಗ ತೆಗೆಸಲು ಆಗದಿದ್ದರೆ ಆ ಪ್ರತಿಮೆಗಳನ್ನು ನೋಡುವಾಗ ಸ್ವಲ್ಪ ಮುಜುಗರ ಆಗಬೇಕು.

2022ರ ಯುಗಾದಿ ಹೊತ್ತಿಗೆ ಶ್ರೀಶೈಲದಲ್ಲಿ ನಮ್ಮ ಕಡೆಯ ಯಾತ್ರಿಗಳಿಗೂ ಅಲ್ಲಿಯ ಅಂಗಡಿಯವರಿಗೂ ಗಲಾಟೆ ನಡೆದದ್ದು ನಿಮಗೆ ನೆನಪಿರಬಹುದು. ಯಾರು ಸರಿ, ಯಾರು ತಪ್ಪು ಅಂತ ಇಲ್ಲಿ ಕೂತು ತೀರ್ಪು ಕೊಡಲು ನನಗೆ ಇಷ್ಟವಿಲ್ಲ. ಹತ್ತು ದಿನ ಸರಿಯಾಗಿ ಮಲಗದ, ಕಾಲು ಒಡೆದ, ಬಿಸಿಲು ಕುಡಿದ ಸಾವಿರಾರು ಜನ ಒಂದೇ ದಿನ ಒಂದು ಸಣ್ಣ ಬೆಟ್ಟದೂರಿಗೆ ಬಂದು ಸೇರಿದಾಗ ಸಣ್ಣ ಮಾತೂ ದೊಡ್ಡದಾಗುತ್ತದೆ, ಅಷ್ಟು ಮಾತ್ರ ಹೇಳುತ್ತೇನೆ. ಗುಡಿ ಮುಂದೆ ಪೊಲೀಸರನ್ನು ಹೆಚ್ಚಿಸುವುದರ ಜೊತೆಗೆ ದಾರಿಯಲ್ಲಿ ನಿದ್ದೆಯನ್ನೂ ಹೆಚ್ಚಿಸಿ.

ಈಗ ನಡೆಯುವ ನಮ್ಮವರಿಗೆ ಎರಡು ಮಾತು. ಜಗಲಿ ಕೇಳುವ ಮೊದಲು ಜಗಲಿ ಗುಡಿಸುವುದು ಕಲಿಯೋಣ. ಮನೆಯಿಂದಲೇ ಒಂದು ಸ್ಟೀಲ್ ತಟ್ಟೆ, ಒಂದು ಲೋಟ ತನ್ನಿ. ಚೀಲಕ್ಕೆ ಭಾರ ಆಗುವುದಿಲ್ಲ. ಶಾಲೆಯ ಟ್ಯಾಂಕಿನ ನೀರಿನಲ್ಲಿ ಬಟ್ಟೆ ಒಗೆಯಬೇಡಿ. ಡಿ.ಜೆ. ಹಾಕಿಕೊಂಡು ಬರುವ ಹುಡುಗರೇ, ಮಲಗಿದ ಊರಿನ ನಡುವೆ ಮೂರು ಗಂಟೆಗೆ ಅದನ್ನು ಹಚ್ಚಬೇಡಿ. ಪರೀಕ್ಷೆ ಬರೆಯುವ ಮಕ್ಕಳ ಮನೆಗಳವು. ನಸುಕಿನಲ್ಲಿ ರಸ್ತೆಯ ಬಲಗಡೆ, ಎದುರಿಗೆ ಬರುವ ಗಾಡಿ ಕಾಣುವ ಹಾಗೆ ನಡೆಯಿರಿ, ಚೀಲದ ಮೇಲೆ ಹೊಳೆಯುವ ಪಟ್ಟಿ ಅಂಟಿಸಿಕೊಳ್ಳಿ. ಕಾಡಿನಲ್ಲಿ ಒಲೆ ಹಚ್ಚಬೇಡಿ, ಬೀಡಿ ಎಸೆಯಬೇಡಿ. ಮಾರ್ಚ್–ಏಪ್ರಿಲ್‌ನಲ್ಲಿ ಆ ಎಲೆಯೆಲ್ಲ ಒಣಗಿ ಕೂತಿರುತ್ತದೆ, ಒಂದು ಕಿಡಿ ಸಾಕು. ದಾಸೋಹ ಮಾಡುವವರಲ್ಲೂ ಒಂದು ವಿನಂತಿ. ಈ ವರ್ಷ ಹುಗ್ಗಿಯ ಜೊತೆಗೆ ಒಂದು ಶಾಮಿಯಾನ ಹಾಕಿಸಿ. ಒಂದೇ ಊರಿನಲ್ಲಿ ನಾಲ್ಕು ದಾಸೋಹ ಇರುತ್ತವೆ, ಮುಂದಿನ ಹದಿನೈದು ಕಿಲೋಮೀಟರ್ ಒಂದು ಚಪ್ಪರವೂ ಇರುವುದಿಲ್ಲ. ನಾಲ್ವರಲ್ಲಿ ಇಬ್ಬರು ಮುಂದಕ್ಕೆ ಹೋಗಿ ಅರವಟ್ಟಿಗೆ ಇಟ್ಟರೆ ನಿಮ್ಮ ಪುಣ್ಯಕ್ಕೇನೂ ಕಡಿಮೆ ಆಗದು.

ಇಲಾಖೆಯವರಲ್ಲಿ ಕೇಳುವುದನ್ನು ಮತ್ತೊಮ್ಮೆ ಉದ್ದ ಮಾಡುವುದಿಲ್ಲ. ಹೋಳಿಗೆ ಹದಿನೈದು ದಿನ ಮೊದಲು ಒಂದು ಹಾಳೆ ಹೊರಬರಲಿ. ಒಂದು ಬದಿ ಕನ್ನಡ, ಒಂದು ಬದಿ ತೆಲುಗು. ಊರಿನ ಹೆಸರು, ನಿಲ್ಲಬಹುದಾದ ಜಾಗ, ಹಿಂದಿನ ಜಾಗದಿಂದ ಎಷ್ಟು ದೂರ, ನೀರಿದೆಯೋ ಇಲ್ಲವೋ, ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯೋ ಇಲ್ಲವೋ, ಬೀಗ ತೆಗೆಯುವ ಕಚೇರಿಯ ಫೋನ್ ನಂಬರು, ಕಾಡಿನ ಬಾಗಿಲು ತೆರೆಯುವ ತಾರೀಖು. ಕೆಳಗೆ ಎರಡೂ ಕಡೆಯ ಜಿಲ್ಲಾಡಳಿತದ ಸೀಲು. ಅದನ್ನು ಬಸ್ ಸ್ಟ್ಯಾಂಡ್, ಪಂಚಾಯ್ತಿ, ಮಠಗಳಲ್ಲಿ ಹಚ್ಚಿ, ವಾಟ್ಸ್ಆ್ಯಪಿನಲ್ಲಿ ಬಿಟ್ಟರೆ ಉಳಿದ ಕೆಲಸ ಜನ ಮಾಡಿಕೊಳ್ಳುತ್ತಾರೆ. ಆ ಹಾಳೆಯನ್ನು ಹಿಡಿದುಕೊಂಡು ಹೋದವರನ್ನು ಯಾರೂ ಜಗಲಿಯಿಂದ ಎಬ್ಬಿಸುವುದಿಲ್ಲ.

ಇದರ ಮೊದಲ ಕರಡನ್ನು ನಾವೇ ಮಾಡಿಕೊಡುತ್ತೇವೆ. ಯಾವ ಹಳ್ಳಿಯ ಬಾವಿ ಬತ್ತಿದೆ, ಯಾವ ಶಾಲೆಯ ಜಗಲಿಗೆ ಮಧ್ಯಾಹ್ನ ಬಿಸಿಲು ಬೀಳುವುದಿಲ್ಲ, ಯಾವ ಗುಡಿಯ ಪೂಜಾರಿ ಬೇಡ ಅನ್ನುವುದಿಲ್ಲ ಅನ್ನುವುದನ್ನು ನಮ್ಮ ಗುಂಪಿನವರು ಇಳಕಲ್ಲಿನಿಂದ ಆತ್ಮಕೂರಿನ ತನಕ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಜಮಖಂಡಿಯವರ ಹತ್ತಿರ, ವಿಜಯಪುರದವರ ಹತ್ತಿರ ಅವರವರ ದಾರಿಯದು ಇದ್ದೇ ಇರುತ್ತದೆ. ಅದನ್ನು ಯಾವ ಕಚೇರಿಯ, ಯಾವ ಮೇಜಿಗೆ ತಂದುಕೊಡಬೇಕು ಅಂತ ತಿಳಿಸಿ.

ಇಂತಿ,
ಇಳಕಲ್ ಕಡೆಯ ಒಬ್ಬ ಪಾದಯಾತ್ರಿ